ಹಾರ್ನ್ ನೋಡಿ ಗ್ರಾಮೋಫೋನು ಕೊಳ್ಳಬೇಡಿ

ಸೊಲ್ಲಾಪುರ, ಸಾಂಗ್ಲಿ, ಕೊಲ್ಹಾಪುರ ಕಡೆಯ ಹಳೇ ಸಾಮಾನಿನ ಅಂಗಡಿಯಲ್ಲಿ ಹಿತ್ತಾಳೆ ಹಾರ್ನಿನ ಗ್ರಾಮೋಫೋನು ಕಂಡು ಯಾರಾದರೂ ಮನಸ್ಸು ಮಾಡಿದ್ದರೆ, ದುಡ್ಡು ಎಣಿಸುವ ಮೊದಲು ಇದನ್ನು ಓದಿ. ಮನೆಯಲ್ಲಿರುವ ಹಳೇ ಹಾಡಿನ ಪ್ಲೇಟನ್ನು ಮಾತ್ರ ಅಂಗಡಿಯ ಮೆಷಿನ್ ಮೇಲೆ ಇಡಲೇಬೇಡಿ. ನನ್ನ ಗೆಳೆಯನಿಗೆ 9 ಸಾವಿರ ಹೋಯಿತು. ಹೋಗಲಿ, ದುಡಿದುಕೊಂಡಾನು. ಅವನ ಅಜ್ಜನ ಪ್ಲೇಟೊಂದು ಹಾಳಾಯಿತಲ್ಲ, ಅದನ್ನು ಎಲ್ಲಿಂದ ತರೋದು?

ನಾವಿಬ್ಬರೂ ಅಕ್ಕಲಕೋಟೆ ತಾಲೂಕಿನವರು. ಅವನ ಮನೆಯ ಅಟ್ಟ ಬಿಚ್ಚುವಾಗ ಒಂದು ತಗಡಿನ ಟ್ರಂಕು ಸಿಕ್ಕಿತ್ತು. ಅದರಲ್ಲಿ ಹಳೇ ಧೋತರದಲ್ಲಿ ಸುತ್ತಿಟ್ಟ ಪ್ಲೇಟುಗಳು. ಕಂಪನಿ ನಾಟಕದ ಪದಗಳು, ಒಂದಿಷ್ಟು ಮರಾಠಿ ನಾಟ್ಯಸಂಗೀತ, ಭಜನೆ. ಗಡಿ ಊರಿನ ಟ್ರಂಕಿನಲ್ಲಿ ಎರಡೂ ಭಾಷೆ ಇರದಿದ್ದರೇ ಆಶ್ಚರ್ಯ. ಕೇಳೋಕೆ ಮೆಷಿನ್ ಇರಲಿಲ್ಲ. ಅದಕ್ಕೇ ಮೇ ತಿಂಗಳ ಉರಿಬಿಸಿಲಲ್ಲಿ ಸೊಲ್ಲಾಪುರಕ್ಕೆ ಹೊರಟೆವು. ಅವನಿಗೆ ಗ್ರಾಮೋಫೋನು, ನನಗೆ ಲಾಂಗ್ ಪ್ಲೇ ರೆಕಾರ್ಡು, ಮಧ್ಯಾಹ್ನ ಇಬ್ಬರಿಗೂ ಮಟನ್ ಊಟ. ಪರೀಕ್ಷೆಗೆ ಇರಲಿ ಅಂತ ಅಜ್ಜನ ಎರಡು ಪ್ಲೇಟುಗಳನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಕೊಂಡಿದ್ದ.

ಅಂಗಡಿಯ ಹೆಸರು, ಬೀದಿಯ ಹೆಸರು ಬರೆಯೋದಿಲ್ಲ. ಇಂಥ ಅಂಗಡಿ ಒಂದೇ ಅಲ್ಲ, ಬೇಕಾದಷ್ಟಿವೆ. ಒಳಗೆ ಕಾಲಿಟ್ಟ ಕೂಡಲೇ ನಮ್ಮ ಮಾತು ಕೇಳಿ ಮಾಲೀಕ ಕನ್ನಡಕ್ಕೆ ಇಳಿದ. ಸೊಲ್ಲಾಪುರದಲ್ಲಿ ಅದೇನು ವಿಶೇಷ ಅಲ್ಲ, ಮರಾಠಿ, ಕನ್ನಡ, ತೆಲುಗು ಮೂರೂ ಅಲ್ಲಿ ಒಂದೇ ಬೀದಿಯಲ್ಲಿ ಕೇಳುತ್ತವೆ. ಆದರೂ ನಮ್ಮ ಗೆಳೆಯ ಅರ್ಧ ಕರಗಿದ್ದು ಅಲ್ಲೇ.

"ಬರ್ರಿ ಅಣ್ಣಾರ. ಇದು 1902ರ ಮಾಡೆಲ್ ನೋಡ್ರಿ. ಗೌಹರ್ ಜಾನ್ ಕಾಲದ್ದು. ಹೈದರಾಬಾದ್ ನವಾಬರ ಮನ್ಯಾಗಿಂದ ಬಂದದ್ದು."

ಗಾಯಕಿ ಗೌಹರ್ ಜಾನ್ ಕಲ್ಕತ್ತಾದಲ್ಲಿ ಪ್ಲೇಟಿಗಾಗಿ ಮೊದಲು ಹಾಡಿದ್ದು 1902ರಲ್ಲೇ, ಅದು ಸರಿ. (ಆಕೆ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಅಲ್ಲೇ ತೀರಿಕೊಂಡರು. ನಮ್ಮಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.) ಗೊತ್ತಿರೋ ಒಂದು ಇಸವಿಯನ್ನು ಅಂಗಡಿಯವನು ಮೆಷಿನ್ನಿಗೆ ಅಂಟಿಸಿದ್ದ, ಅಷ್ಟೇ. ಹಿಂದಿನ ಗೋಡೆ ಹತ್ತಿರ ಅದೇ ಅಳತೆಯ, ಅದೇ ಹೊಳಪಿನ ಹಾರ್ನುಗಳು ಒಂದರೊಳಗೊಂದು ಜೋಡಿಸಿಟ್ಟಿದ್ದವು. ಯಾವ ನವಾಬರ ಮನೆಯಲ್ಲಿ ಅಷ್ಟೊಂದು ಗ್ರಾಮೋಫೋನು ಇದ್ದವೋ!

ಅವನದೇ ಒಂದು ಹಿಂದಿ ಪ್ಲೇಟು ಹಾಕಿ, ಚಾವಿ ಕೊಟ್ಟು, ಮುಳ್ಳು ಇಳಿಸಿದ. ಚೆನ್ನಾಗಿಯೇ ಹಾಡಿತು. ಅದನ್ನು ಇಲ್ಲ ಅನ್ನೋದಿಲ್ಲ. ಗೆಳೆಯ ಹಾರ್ನಿನ ಪಕ್ಕ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಸಿಕೊಂಡ. 14 ಸಾವಿರದಿಂದ ಶುರುವಾದ ವ್ಯಾಪಾರ 9ಕ್ಕೆ ನಿಂತಿತು. ದುಡ್ಡು ಎಣಿಸಿಕೊಂಡು ಮಾಲೀಕ ಹೇಳಿದ್ದು: "ಎಣ್ಣಿ ಬಿಟ್ಟು, ಸರ್ವಿಸ್ ಮಾಡಿ ಇಟ್ಟಿರ್ತೀನ್ರಿ. ನೀವು ಊಟ ಮುಗಿಸ್ಕೊಂಡು ಬರ್ರಿ." ಬಿಲ್ಲು ಕೇಳಿದರೆ ಪುಸ್ತಕ ಖಾಲಿಯಾಗಿದೆಯಂತೆ.

ನಾನು ಅಷ್ಟರಲ್ಲಿ ಬಾಗಿಲ ಹತ್ತಿರದ ಲಾಂಗ್ ಪ್ಲೇ ರಾಶಿ ನೋಡುತ್ತಿದ್ದೆ. ಭೀಮಸೇನ ಜೋಶಿ, ಮನ್ಸೂರ, ಕುಮಾರ ಗಂಧರ್ವ, ಎಲ್ಲ ನಮ್ಮ ಕಡೆಯವರೇ. ಕವರು ಚೆಂದ ಇದ್ದವು. ಒಂದನ್ನು ತೆಗೆದು ಗಾಜಿನ ಕೌಂಟರ್ ಮೇಲೆ ಮಲಗಿಸಿದೆ. ಒಂದು ಅಂಚು ಬೆರಳು ತೂರುವಷ್ಟು ಮೇಲೆದ್ದು ನಿಂತಿತು. ಇನ್ನೊಂದೂ ಹಾಗೇ. ದಿನಾ ಬೆಳಿಗ್ಗೆ ಬಿಸಿಲಿಗೆ ಒಡ್ಡಿದ ಮಾಲು. ಲಾಂಗ್ ಪ್ಲೇ ಪ್ಲಾಸ್ಟಿಕ್ಕು ತಾನೇ, 60-70 ಡಿಗ್ರಿ ಹೊತ್ತಿಗೆ ಮೆತ್ತಗಾಗಿ ಬಾಗುತ್ತದೆ. ಮೇ ತಿಂಗಳಲ್ಲಿ ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು ಆ ಬಿಸಿ ಮುಟ್ಟಬಹುದು. ಆದ್ದರಿಂದ ಲಾಂಗ್ ಪ್ಲೇ ಕೊಂಡರೆ ಊಟಕ್ಕೂ ಜೊತೆಗೇ ಒಯ್ಯಿರಿ. ನಾನು ಒಂದನ್ನೂ ಕೊಳ್ಳಲಿಲ್ಲ.

ಊಟ ಮಾತ್ರ ಬಂಗಾರ. ಖಡಕ್ ರೊಟ್ಟಿ ಮುರಿದು ಮಟನ್ ರಸ್ಸಾದಲ್ಲಿ ನೆನೆಸಿ, ಪಕ್ಕದಲ್ಲಿ ಎಣ್ಣೆ ಬಿಡುವ ಹಾಗೆ ಕುಟ್ಟಿದ ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ, ಮೇಲೆ ಮಜ್ಜಿಗೆ. ಬೆವರು ಒರೆಸಿಕೊಳ್ಳುತ್ತಾ ಇನ್ನೊಂದು ವಾಟಿ ರಸ್ಸಾ ಹಾಕಿಸಿಕೊಂಡೆವು. ಗೆಳೆಯ ಆಗಲೇ ಮೆಷಿನ್ ಮನೆಯಲ್ಲಿ ಎಲ್ಲಿಡೋದು ಅನ್ನೋ ಲೆಕ್ಕದಲ್ಲಿದ್ದ. ಇತ್ತ ನಾವು ರೊಟ್ಟಿ ಮುರಿಯುತ್ತಿದ್ದರೆ, ಅತ್ತ ಅಂಗಡಿಯಲ್ಲಿ ಸರ್ವಿಸ್ ನಡೆದಿತ್ತು.

ವಾಪಸ್ ಬಂದಾಗ ಮೆಷಿನ್ ಕಟ್ಟೋಕೆ ಹುಡುಗ ಹಗ್ಗ ಹಿಡಿದು ನಿಂತಿದ್ದ. ಗೆಳೆಯ, "ತಡಿ ದೋಸ್ತ, ಅಜ್ಜನ ಪ್ಲೇಟು ಒಮ್ಮೆ ಕೇಳಿ ಹೋಗೂಣು" ಅಂದ. ಹುಡುಗ ಪ್ಲೇಟು ಒರೆಸೋಕೆ ಸ್ಪಿರಿಟ್ ಬಾಟಲಿ ತೆಗೆದ, ಅದನ್ನು ನಾನು ತಡೆದೆ. ಮುಳ್ಳು ಇಳಿಯಿತು. ಹಾಡಿನ ಮೊದಲ ಸಾಲು, ಪೇಟಿಯ ದನಿ, ಹಿಂದೆ ತಬಲಾ. ಗೆಳೆಯ ಕಣ್ಣು ಮುಚ್ಚಿದ. ಆಮೇಲೆ ದನಿ ಒಡೆಯಿತು. ತಗಡು ನಡುಗಿದ ಹಾಗೆ ಗರಗರ. ಮುಳ್ಳು ಹೊತ್ತ ಮೆಷಿನ್ನಿನ ಕೈ ಒಳಕ್ಕೆ ಸರಿಯಬೇಕಲ್ಲ, ಸರಿಯುತ್ತಿಲ್ಲ, ಹಿಡಿದುಕೊಂಡಿದೆ. ಮುಳ್ಳು ಒಂದೇ ಗೆರೆಯನ್ನು ಮತ್ತೆ ಮತ್ತೆ ಕೊರೆಯುತ್ತಿದೆ. ಎತ್ತುವಷ್ಟರಲ್ಲಿ ಕಪ್ಪು ಪ್ಲೇಟಿನ ಮೇಲೆ ಬೂದು ಬಣ್ಣದ ಬಳೆ ಮೂಡಿತ್ತು. ಬೆರಳಿಟ್ಟರೆ ಬೂದಿಯಂಥ ಪುಡಿ. ಮುಳ್ಳನ್ನು ಬಿಚ್ಚಿ ಬೆಳಕಿಗೆ ಹಿಡಿದೆ. ತುದಿ ಚೂಪಾಗಿರಲಿಲ್ಲ, ಉಳಿಯ ಹಾಗೆ ಒಂದು ಕಡೆ ಚಪ್ಪಟೆಯಾಗಿ ಹೊಳೆಯುತ್ತಿತ್ತು. ಅದು ಎಷ್ಟು ಹಾಡು ತಿರುಗಿದ ಮುಳ್ಳೋ ಏನೋ.

ಇದು ಯಾಕೆ ಹೀಗೆ ಅಂದರೆ, ಆ ಕಾಲದ 78ರ ಪ್ಲೇಟು (ನಿಮಿಷಕ್ಕೆ 78 ಸುತ್ತು ತಿರುಗುವಂಥದು) ಪ್ಲಾಸ್ಟಿಕ್ಕಲ್ಲ, ಅರಗು. ಅರಗಿಗೆ ಕಲ್ಲಿನ ಪುಡಿ ಬೆರೆಸಿ ಒತ್ತಿದ್ದು. ಆ ಪುಡಿಯೇ ಉಕ್ಕಿನ ಮುಳ್ಳನ್ನು ಸವೆಸಿ ಗೆರೆಗೆ ಹೊಂದಿಸುತ್ತದೆ. ಆದ್ದರಿಂದ ಒಂದು ಮುಳ್ಳು ಒಂದು ಮಗ್ಗುಲಿಗೆ ಮಾತ್ರ, ಮೂರು-ಮೂರೂವರೆ ನಿಮಿಷದ ಹಾಡು ಮುಗಿದರೆ ಬಿಸಾಕೋದೇ. ಸವೆದ ಮುಳ್ಳನ್ನು ಮತ್ತೆ ಹಾಕಿದರೆ ಅದು ಹಾಡೋದಿಲ್ಲ, ಉಳುಮೆ ಮಾಡುತ್ತದೆ. ಅರಗು ಅಂದಮೇಲೆ ಸ್ಪಿರಿಟ್ ಕೂಡ ತಾಗಬಾರದು, ಕರಗಿಸಿಬಿಡುತ್ತದೆ. ಇವೆರಡೂ ಹಳೇ ಪ್ಲೇಟಿನ ವ್ಯಾಪಾರ ಮಾಡುವವನಿಗೆ ಗೊತ್ತಿರಲೇಬೇಕು.

ಆಗ ಗೆಳೆಯ ಊಟಕ್ಕೆ ಮೊದಲು ತೆಗೆಸಿಕೊಂಡ ಫೋಟೋ ತೆಗೆದ. ಬೆರಳಿನಿಂದ ದೊಡ್ಡದು ಮಾಡಿ ನೋಡಿದರೆ, ಫೋಟೋದಲ್ಲಿ ಮುಳ್ಳು ಹಿಡಿಯುವ ಗುಂಡನೆಯ ಡಬ್ಬಿ, ಅಂದರೆ ಸೌಂಡ್ ಬಾಕ್ಸು, ಮಾಸಲು ಬಿಳಿ, ಅಂಚಿನಲ್ಲಿ ತುಕ್ಕಿನ ಚುಕ್ಕೆ. ಈಗ ಮುಂದಿರೋದು ಹಳದಿ, ಪಳಪಳ ಹೊಸದು. ಹಾಡಿ ತೋರಿಸೋಕೆ ಅಸಲಿ, ಕಟ್ಟಿ ಕೊಡೋಕೆ ನಕಲಿ. ಊಟಕ್ಕೆ ಕಳಿಸಿದ್ದು ಇದಕ್ಕೇ.

"ಅದಽ ಐತಿ ಅಣ್ಣಾರ, ಪಾಲಿಶ್ ಮಾಡೇವಿ" ಅಂದ ಮಾಲೀಕ. ತುಕ್ಕಿನ ಬಿಳಿ ಲೋಹ ಪಾಲಿಶ್ ಮಾಡಿದರೆ ಹಿತ್ತಾಳೆ ಆಗುತ್ತಾ? ಜಗಳ ಜೋರಾಯಿತು, ಅಕ್ಕಪಕ್ಕದವರು ಸೇರಿದರು. ಅಷ್ಟು ಹೊತ್ತಿನ ಕನ್ನಡ ಹೋಗಿ ಮರಾಠಿ ಶುರುವಾಯಿತು. ದುಡ್ಡು ವಾಪಸ್ ಇಲ್ಲ, ಬಿಲ್ಲೂ ಇಲ್ಲ. ಪ್ಲೇಟಿನ ಮಾತೆತ್ತಿದರೆ, "ಹಳೇದು, ಸವೆದಿತ್ತು" ಅಂದುಬಿಟ್ಟ.

ಊರಿಗೆ ಬಂದಮೇಲೆ ಹೊಲಿಗೆ ಯಂತ್ರ ರಿಪೇರಿ ಮಾಡುವ ಕಾಕಾ ಒಬ್ಬರು ಪೆಟ್ಟಿಗೆ ಬಿಚ್ಚಿ ತೋರಿಸಿದರು. ಒಳಗಿನ ಮೋಟರು ಮಾತ್ರ ನಿಜಕ್ಕೂ ಹಳೇದು, ಯಾವುದೋ ಸೂಟ್‌ಕೇಸ್ ಥರದ ಗ್ರಾಮೋಫೋನಿನಿಂದ ಕಿತ್ತದ್ದು. ಉಳಿದದ್ದೆಲ್ಲ ಹೊಸದು. ಪೆಟ್ಟಿಗೆಯ ಹೊರಗೆ ಚಹಾ ಬಣ್ಣದ ಪಾಲಿಶ್, ತಳದ ಹಲಗೆ ತಿರುವಿದರೆ ಹಸಿ ಪ್ಲೈವುಡ್. ಅದಕ್ಕೆ ಹೊಡೆದ ಸ್ಕ್ರೂಗಳ ತಲೆಯ ಮೇಲೆ ಪ್ಲಸ್ ಗುರುತು! ಸ್ಟಾರ್ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. 1902ರ ಮೆಷಿನ್ನಿಗೆ ಅದನ್ನು ಹೊಡೆದವರು ಯಾರು? ಕಾಕಾ ನಕ್ಕುಬಿಟ್ಟರು.

ಇಂಥ ನಕಲಿ ಗ್ರಾಮೋಫೋನುಗಳು ನಮ್ಮ ದೇಶದಲ್ಲೇ ತಯಾರಾಗಿ ಹೊರದೇಶಕ್ಕೂ ಹೋಗುತ್ತವೆ. ಶೋಕೇಸಿಗೆ ಅಂತ ಹೇಳಿ ಮಾರಿದರೆ ನಮ್ಮದೇನೂ ತಕರಾರಿಲ್ಲ. ಹಳೇದು ಅಂತ ಮಾರಿದರೆ ಮೊದಲು ತಳ ತಿರುವಿ ಸ್ಕ್ರೂ ನೋಡಿ. ಹಾರ್ನಿನ ಮುಂದೆ ಕೂತ ನಾಯಿಯ ಚಿತ್ರ, ಅಂದರೆ ಎಚ್.ಎಂ.ವಿ. ಕಂಪನಿಯ ಗುರುತು, ನೋಡಿ. ಅಸಲಿಯಲ್ಲಿ ಅದು ಸಾಮಾನ್ಯವಾಗಿ ಮರದ ಮೇಲೆ ಒತ್ತಿದ ಬಣ್ಣದ ಚಿತ್ರ, ದೊಡ್ಡ ಹಿತ್ತಾಳೆ ಬಿಲ್ಲೆ ಮೊಳೆ ಹೊಡೆದು ಕೂರಿಸಿದ್ದರೆ ಅನುಮಾನ ಪಡಿ. ಪೂರ್ತಿ ಚಾವಿ ಕೊಟ್ಟು ಒಂದು ಮಗ್ಗುಲು ಮುಗಿಯುವವರೆಗೂ ಕೇಳಿ, ನಡುವೆ ದನಿ ಎಳೆಯುತ್ತಾ ಬಂದರೆ ಸ್ಪ್ರಿಂಗು ಸತ್ತಿದೆ. ಕೇಳಿದ ಮೆಷಿನ್ನನ್ನು ಕಣ್ಣೆದುರೇ ಕಟ್ಟಿಸಿ. ಹಸಿವಾಗಿದ್ದರೆ ಊಟ ಮುಗಿಸಿಕೊಂಡೇ ಅಂಗಡಿಗೆ ಹೋಗಿ.

ಹಾಡು ಕೇಳೋದಷ್ಟೇ ಬೇಕಾಗಿದ್ದರೆ ಹಾರ್ನಿನ ಗೋಜೇ ಬೇಡ. 78ರ ವೇಗ ಇರುವ ಕರೆಂಟಿನ ರೆಕಾರ್ಡ್ ಪ್ಲೇಯರ್ ಸಿಗುತ್ತದೆ. ಆದರೆ ಅದಕ್ಕೆ 78ಕ್ಕೆ ಅಂತಲೇ ಬರುವ ಸೂಜಿ ಹಾಕಿಸಬೇಕು. ಆ ಗೆರೆ ಅಗಲ, ಲಾಂಗ್ ಪ್ಲೇ ಸೂಜಿ ಅದರ ತಳಕ್ಕೆ ಬಿದ್ದು ಬರೀ ಸದ್ದು ಮಾಡುತ್ತದೆ. ಇದರ ತಿರುಗುಮುರುಗು ಇನ್ನೂ ಕೆಟ್ಟದು: ಲಾಂಗ್ ಪ್ಲೇಯನ್ನು ಚಾವಿ ಗ್ರಾಮೋಫೋನಿಗೆ ಹಾಕಿದರೆ ಒಂದೇ ಸಲಕ್ಕೆ ಮುಗಿಯಿತು.

ಗೆಳೆಯ ಈಗ ಅಂಥದೊಂದು ಪ್ಲೇಯರ್ ಇದ್ದವರ ಮನೆಗೆ ಹೋಗಿ ಟ್ರಂಕಿನ ಉಳಿದ ಪ್ಲೇಟುಗಳನ್ನು ಮೊಬೈಲಿಗೆ ಇಳಿಸಿಕೊಳ್ಳುತ್ತಿದ್ದಾನೆ. ಹಾಳಾದ ಪ್ಲೇಟಿನ ಹಿಂದಿನ ಮಗ್ಗುಲು ಹಾಡುತ್ತದೆ, ಮುಂದಿನದರಲ್ಲಿ ಮೊದಲ ಸಾಲು ಮಾತ್ರ ಕೇಳಿಸುತ್ತದೆ. ಗ್ರಾಹಕರ ಸಹಾಯವಾಣಿ 1915ಕ್ಕೂ ಫೋನ್ ಮಾಡಿದ್ದಾನೆ. ಬಿಲ್ಲಿಲ್ಲದ ಕೇಸು, ಏನಾಗುತ್ತೋ ನೋಡಬೇಕು. ಫೋಟೋ ಅಂತೂ ಜೋಪಾನವಾಗಿ ಇಟ್ಟಿದ್ದಾನೆ. ನೀವು ಕೊಳ್ಳೋಕೆ ಹೋದಾಗ ಹಾರ್ನಿನ ಪಕ್ಕ ನಿಂತು ತೆಗೆಸಿಕೊಳ್ಳುವುದರ ಜೊತೆಗೆ ಸೌಂಡ್ ಬಾಕ್ಸಿನದೂ ಒಂದು ಹತ್ತಿರದಿಂದ ತೆಗೆದಿಡಿ, ಅಂಗಡಿಯವನು ನೋಡುವ ಹಾಗೇ ತೆಗೆಯಿರಿ.