ತೋಮನು ಮುಟ್ಟಿದನೇ? ಎಂಟು ವಾರಗಳ ಒಂದು ಸತ್ಯವೇದ ಪಾಠಮಾಲೆಯ ವಿಮರ್ಶೆ

ನಂಬಿಕೆ, ಸಂದೇಹ ಮತ್ತು ದೀನತೆ ಎಂಬ ಮೂರು ವಿಷಯಗಳನ್ನು ಸತ್ಯವೇದದ, ಅಂದರೆ ಬೈಬಲ್ಲಿನ, ಆಧಾರದಿಂದ ಕಲಿಸುವ ಎಂಟು ವಾರಗಳ ಆನ್‌ಲೈನ್ ಪಾಠಮಾಲೆಯೊಂದನ್ನು ಈಚೆಗೆ ಮುಗಿಸಿದೆ. ವಾರಕ್ಕೆ ಸುಮಾರು 40 ನಿಮಿಷದ ಒಂದು ಧ್ವನಿಪಾಠ, ಮೊದಲೇ ಓದಿಕೊಂಡು ಬರಬೇಕಾದ ಅಧ್ಯಾಯಗಳು, ಕೊನೆಗೆ 10 ಅಂಕಗಳ ಒಂದು ಕಿರುಪರೀಕ್ಷೆ, ಇಷ್ಟು ಅದರ ಸ್ವರೂಪ. ಸೇರುವಾಗ ನನಗೆ ದೊಡ್ಡ ನಿರೀಕ್ಷೆಯೇನೂ ಇರಲಿಲ್ಲ. ಇಂಥ ಪಾಠಗಳಲ್ಲಿ ಸಂದೇಹವನ್ನು ನೆಗಡಿಯಂತೆ ಕಾಣುವುದು ರೂಢಿ. ಬಂದದ್ದು ಬೇಗ ವಾಸಿಯಾಗಲಿ ಎಂಬ ಆತುರದಲ್ಲಿಯೇ ಪಾಠ ಮುಗಿದುಹೋಗುತ್ತದೆ. ಈ ಪಾಠಮಾಲೆಯ ಹೆಚ್ಚಿನ ಭಾಗದಲ್ಲಿ ಆ ಆತುರ ಕಾಣಲಿಲ್ಲವೆಂಬುದೇ ಅದರ ಮುಖ್ಯ ಗುಣ.

ಮೊದಲ ವಾರದ ಪಾಠ ಪೂರ್ತಿ ಮಾರ್ಕನ ಸುವಾರ್ತೆಯ 9ನೆಯ ಅಧ್ಯಾಯದ ಒಂದೇ ಘಟನೆಯ ಮೇಲೆ ನಿಲ್ಲುತ್ತದೆ. ಮೂರ್ಛೆ ಬೀಳುವ ಮಗನನ್ನು ಕರೆತಂದ ತಂದೆ, ನಿನ್ನಿಂದ ಏನಾದರೂ ಆಗುವುದಾದರೆ ಸಹಾಯಮಾಡು ಎಂದು ಯೇಸುವನ್ನು ಬೇಡುತ್ತಾನೆ. ಯೇಸು ಆ ‘ಆಗುವುದಾದರೆ’ ಎಂಬ ಮಾತನ್ನೇ ಹಿಡಿದು ಕೇಳಿದಾಗ, ತಾನು ನಂಬುತ್ತೇನೆಂದೂ ತನ್ನ ಅಪನಂಬಿಕೆಗೆ ಸಹಾಯಮಾಡಬೇಕೆಂದೂ ಒಂದೇ ಉಸಿರಿನಲ್ಲಿ ಕೂಗಿಕೊಳ್ಳುತ್ತಾನೆ. ಮೂಲ ಗ್ರೀಕಿನಲ್ಲಿರುವ ‘ಅಪಿಸ್ತಿಯ’ ಎಂಬ ಪದಕ್ಕೆ ನಂಬಿಕೆ ಸ್ವಲ್ಪ ಕಡಿಮೆಯಾಗಿದೆ ಎಂಬಷ್ಟೇ ಅರ್ಥವಲ್ಲ, ‘ಪಿಸ್ತಿಸ್’ ಎಂಬ ನಂಬಿಕೆಯ ಪದಕ್ಕೆ ಅದು ನೇರ ನಿಷೇಧ ಎಂಬುದನ್ನು ಬೋಧಕರು ನಿಧಾನವಾಗಿ ಬಿಡಿಸಿ ತೋರಿಸಿದರು. ಮೊದಲು ಅಪನಂಬಿಕೆಯನ್ನು ಕಳೆದುಕೊಂಡು ಬಾ ಎಂದು ಆ ತಂದೆಯನ್ನು ಯಾರೂ ಹಿಂದಕ್ಕೆ ಕಳಿಸಲಿಲ್ಲ. ಅವನು ಇದ್ದಂತೆಯೇ ಇದ್ದಾಗ ಮಗ ಗುಣವಾದನು.

ಎರಡನೆಯ ವಾರದಲ್ಲಿ ನಾನು ಎಷ್ಟೋ ಸಲ ಓದಿಯೂ ಗಮನಿಸದಿದ್ದ ಒಂದು ಸಂಗತಿ ಸಿಕ್ಕಿತು. ಮತ್ತಾಯನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ, ಪುನರುತ್ಥಾನಗೊಂಡ ಯೇಸುವನ್ನು ಬೆಟ್ಟದ ಮೇಲೆ ಕಣ್ಣಾರೆ ಕಂಡು ಶಿಷ್ಯರು ಅಡ್ಡಬೀಳುವ ಹೊತ್ತಿನಲ್ಲಿಯೇ ಕೆಲವರು ಸಂದೇಹಪಟ್ಟರೆಂಬ ಮಾತಿದೆ. ಅಲ್ಲಿ ಬಳಸಿರುವ ಗ್ರೀಕ್ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ, ಅದೇ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ, ನೀರಿನ ಮೇಲೆ ನಡೆಯುತ್ತ ಮುಳುಗತೊಡಗಿದ ಪೇತ್ರನಿಗೆ ಯೇಸು ಹೇಳುವ ಮಾತಿನಲ್ಲಿ ಬರುತ್ತದೆ. ಎರಡು ಕಡೆಯೂ ಸಂದೇಹಪಡುವವರು ಹೊರಗಿನವರಲ್ಲ, ಹತ್ತಿರದವರು. ಬೆಟ್ಟದ ಮೇಲಿನ ಸಂದೇಹಿಗಳನ್ನು ಬೇರೆ ಸಾಲಿನಲ್ಲಿ ನಿಲ್ಲಿಸದೆ, ಹೋಗಿ ಬೋಧಿಸಿರಿ ಎಂಬ ಆಜ್ಞೆಯನ್ನು ಅಲ್ಲಿದ್ದ ಎಲ್ಲರಿಗೂ ಕೊಡಲಾಗಿದೆ.

ಪಾಠಮಾಲೆಯ ತೂಕವಿರುವುದು ಹಳೆಯ ಒಡಂಬಡಿಕೆಗೆ ಮೀಸಲಾದ ಮೂರನೆಯ ಮತ್ತು ನಾಲ್ಕನೆಯ ವಾರಗಳಲ್ಲಿ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ನೀತಿವಂತ ಯೋಬನು ತನಗೇಕೆ ಈ ಕಷ್ಟ ಎಂದು ಕೇಳುವ ಪ್ರಶ್ನೆಗೆ ದೇವರು ಯೋಬನ ಗ್ರಂಥದ 38ನೆಯ ಅಧ್ಯಾಯದಿಂದ ಕೊಡುವ ಉತ್ತರದಲ್ಲಿ ಉತ್ತರವೇ ಇಲ್ಲ. ಭೂಮಿಗೆ ಅಸ್ತಿವಾರ ಹಾಕುವಾಗ ನೀನೆಲ್ಲಿದ್ದೆ ಎಂಬಲ್ಲಿಂದ ತೊಡಗಿ ಪ್ರಶ್ನೆಗಳ ಮೇಲೆ ಪ್ರಶ್ನೆಗಳು ಮಾತ್ರ ಇವೆ. ಅದರ ಎದುರಿನಲ್ಲಿ ಯೋಬ ಬಾಯಿ ಮುಚ್ಚಿಕೊಳ್ಳುತ್ತಾನೆ ನಿಜ. ಆದರೆ 42ನೆಯ ಅಧ್ಯಾಯದಲ್ಲಿ ದೇವರ ಕೋಪ ಉರಿಯುವುದು ಜಗಳವಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ಅಷ್ಟು ಉದ್ದುದ್ದ ವಾದ ಹೂಡಿದ ಗೆಳೆಯರ ಮೇಲೆ; ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬನೇ ಎಂದು ಅವರಿಗೆ ಹೇಳಲಾಗುತ್ತದೆ. ದೀನತೆ ಎಂದರೆ ದೇವರ ಬಗ್ಗೆ ಎಲ್ಲವನ್ನೂ ಬಲ್ಲವರಂತೆ ಮಾತಾಡದಿರುವುದು ಎಂಬ ಅರ್ಥ ಇಲ್ಲಿ ಹೊರಡುತ್ತದೆ. ಪಾಠಮಾಲೆಯ ಮೂರು ವಿಷಯಗಳು ಒಂದಕ್ಕೊಂದು ಹೆಣೆದುಕೊಂಡದ್ದು ನನಗೆ ಇಲ್ಲಿಯೇ ಕಂಡಿತು.

ಪ್ರವಾದಿ ಹಬಕ್ಕೂಕನ ಪಾಠವೂ ಅಷ್ಟೇ ಗಟ್ಟಿಯಾಗಿತ್ತು. ನೀತಿವಂತನು ತನ್ನ ನಂಬಿಕೆಯಿಂದ ಬದುಕುವನು ಎಂಬ ಪ್ರಸಿದ್ಧ ವಚನದಲ್ಲಿರುವ ಹೀಬ್ರೂ ಪದ ‘ಎಮುನಾ’. ಅದೇ ಪದ ವಿಮೋಚನಕಾಂಡದ 17ನೆಯ ಅಧ್ಯಾಯದಲ್ಲಿ ಮೋಶೆಯ ಕೈಗಳಿಗೆ ಬಳಕೆಯಾಗಿದೆ. ಅಮಾಲೇಕ್ಯರೊಡನೆ ಯುದ್ಧ ನಡೆಯುವಾಗ ಕೈ ಎತ್ತಿ ಹಿಡಿದು ದಣಿದ ಮೋಶೆಯನ್ನು ಕಲ್ಲಿನ ಮೇಲೆ ಕೂರಿಸಿ, ಆರೋನನೂ ಹೂರನೂ ಒಂದೊಂದು ಕಡೆ ನಿಂತು ಆ ಕೈಗಳಿಗೆ ಆಧಾರ ಕೊಟ್ಟದ್ದರಿಂದ ಅವು ಹೊತ್ತು ಮುಳುಗುವ ತನಕ ಸ್ಥಿರವಾಗಿದ್ದವು. ಆ ಸ್ಥಿರತೆಯೇ ಎಮುನಾ. ಅಂದರೆ ಸೋತ ಕೈಯನ್ನು ಬೇರೆಯವರು ಹಿಡಿದುಕೊಂಡಾಗಲೂ ಅದಕ್ಕೆ ಸಲ್ಲುವ ಹೆಸರು ನಂಬಿಕೆಯದೇ. ಆ ವಾರದ ಪಾಠ ಮುಗಿದದ್ದು 88ನೆಯ ಕೀರ್ತನೆಯ ವಾಚನದಿಂದ. ಆ ಕೀರ್ತನೆ ಕತ್ತಲೆ ಎಂಬ ಮಾತಿನಲ್ಲಿ ಕೊನೆಗೊಳ್ಳುತ್ತದೆ. ಬೋಧಕರು ಅಲ್ಲಿಗೆ ನಿಲ್ಲಿಸಿದರು. ಸಮಾಧಾನದ ಮಾತಾಗಲಿ ಸಂಗೀತವಾಗಲಿ ಬರಲಿಲ್ಲ. ಧ್ವನಿಕಡತ ತುಂಡಾಗಿರಬೇಕೆಂದು ನಾನು ಎರಡು ಸಲ ತೆರೆದು ನೋಡಿದೆ.

ದೀನತೆಗೆ ಮೀಸಲಾದ ವಾರಗಳು ಇಷ್ಟು ಚೆನ್ನಾಗಿಲ್ಲ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯವನ್ನು ವಿವರಿಸುವಾಗ, ಗ್ರೀಕ್ ಲೋಕದಲ್ಲಿ ಸಾಮಾನ್ಯವಾಗಿ ಕೀಳುತನವನ್ನು ಸೂಚಿಸುತ್ತಿದ್ದ ಪದವನ್ನೇ ಪೌಲನು ಸದ್ಗುಣದ ಹೆಸರಾಗಿಸಿದ ಸಂಗತಿಯನ್ನು ಸೊಗಸಾಗಿ ಹೇಳಿದ್ದಾರೆ. ಮಿಕ್ಕದ್ದು ಸಾಧಾರಣ ಉಪದೇಶ. ದೀನತೆಯ ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ಬಂದುದನ್ನು ನಾನು ನಾಲ್ವರಿಗೆ ಹೇಳಿಕೊಂಡು ಬಂದೆನೆಂಬುದನ್ನು ನೋಡಿದರೆ ಆ ಉಪದೇಶ ಎಷ್ಟು ನಾಟಿತೆಂಬುದು ತಿಳಿಯುತ್ತದೆ.

ನನ್ನ ದೊಡ್ಡ ಆಕ್ಷೇಪ ಏಳನೆಯ ವಾರದ್ದು. ಸಂದೇಹಪಡುವವರಿಗೆ ಕರುಣೆ ತೋರಿಸಿರಿ ಎಂಬ ಯೂದನ ಪತ್ರಿಕೆಯ ಮಾತನ್ನು ಅಲ್ಲಿ ನಾಲ್ಕಾರು ಬಾರಿ ಉಲ್ಲೇಖಿಸಿದ್ದಾರೆ. ಆದರೆ ಸಂದೇಹಪಡುವವನು ಗಾಳಿಗೆ ಸಿಕ್ಕಿದ ಸಮುದ್ರದ ತೆರೆಯಂತಿರುವನೆಂದೂ ಅವನು ಕರ್ತನಿಂದ ಏನನ್ನಾದರೂ ಹೊಂದುವೆನೆಂದು ಭಾವಿಸದಿರಲಿ ಎಂದೂ ಖಂಡತುಂಡವಾಗಿ ಹೇಳುವ ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯದ ಸುದ್ದಿಯೇ ಇಲ್ಲ. ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ, ಮಗ ಹುಟ್ಟುವನೆಂದು ತಿಳಿಸಿದ ದೇವದೂತನನ್ನು ಜಕರೀಯನೂ ಪ್ರಶ್ನಿಸುತ್ತಾನೆ, ಮರಿಯಳೂ ಪ್ರಶ್ನಿಸುತ್ತಾಳೆ; ಅವನು ಮೂಕನಾಗುತ್ತಾನೆ, ಅವಳಿಗೆ ವಿವರಣೆ ಸಿಗುತ್ತದೆ. ಈ ವ್ಯತ್ಯಾಸವನ್ನೂ ಮುಟ್ಟಿಲ್ಲ. ಹಿತವಾದ ವಚನಗಳನ್ನು ಆರಿಸಿಕೊಂಡು ಕಹಿಯಾದವನ್ನು ಬದಿಗಿಡುವುದಾದರೆ, ಎಲ್ಲಕ್ಕೂ ಉತ್ತರ ಸಿದ್ಧವಾಗಿಟ್ಟುಕೊಂಡಿದ್ದ ಯೋಬನ ಗೆಳೆಯರಿಗೂ ನಮಗೂ ಏನು ವ್ಯತ್ಯಾಸ?

ಇನ್ನು ಕಿರುಪರೀಕ್ಷೆಗಳ ವಿಚಾರ. ಐದನೆಯ ವಾರದಲ್ಲಿ, ಯೇಸು ಸತ್ತು ಎದ್ದನೆಂಬುದನ್ನು ಕಾಣದೆ ನಂಬಲೊಲ್ಲದ ಶಿಷ್ಯ ತೋಮನು ಯೇಸುವಿನ ಶಿಲುಬೆಯ ಗಾಯಗಳನ್ನು ಮುಟ್ಟಿದನೇ ಎಂಬ ಪ್ರಶ್ನೆಗೆ ‘ಹೌದು’, ‘ಇಲ್ಲ’, ‘ಹೇಳಿಲ್ಲ’ ಎಂಬ ಮೂರು ಆಯ್ಕೆಗಳಿದ್ದವು. ನಾನು ‘ಹೇಳಿಲ್ಲ’ ಎಂಬುದನ್ನು ಆರಿಸಿದೆ. ಪರದೆಯ ಮೇಲೆ ಕೆಂಪು ಗುರುತು ಬಂತು. ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ಮುಟ್ಟಬೇಕೆಂದು ತೋಮನು ಪಟ್ಟುಹಿಡಿಯುತ್ತಾನೆ, ಎಂಟು ದಿನಗಳ ಮೇಲೆ ಯೇಸು ಬಂದು ಮುಟ್ಟೆಂದು ಕರೆಯುತ್ತಾನೆ, ತೋಮನು ‘ನನ್ನ ದೇವರು’ ಎಂದು ಒಪ್ಪಿಕೊಳ್ಳುತ್ತಾನೆ. ಬೆರಳು ಚಾಚಿದನೆಂದು ಯೋಹಾನನು ಎಲ್ಲಿಯೂ ಬರೆದಿಲ್ಲ. ಗಾಯದೊಳಗೆ ಬೆರಳಿಟ್ಟ ತೋಮನನ್ನು ನಮ್ಮ ಕಣ್ಣಿಗೆ ಕಟ್ಟಿದವರಲ್ಲಿ 1600ರ ಆಸುಪಾಸಿನ ಕರವಾಜ್ಜಿಯೋನಂಥ ಚಿತ್ರಕಾರರ ಪಾಲು ದೊಡ್ಡದು. ಅಲ್ಲದೆ ಉಳಿದ ಶಿಷ್ಯರಿಗೆ ಯೇಸು ಆ ಮೊದಲೇ ಕೈಗಳನ್ನೂ ಪಕ್ಕೆಯನ್ನೂ ತೋರಿಸಿದ್ದನು; ಅವರಿಗೆ ಕೇಳದೆಯೇ ಸಿಕ್ಕಿದ ದರ್ಶನವನ್ನು ತೋಮನು ಬಾಯಿಬಿಟ್ಟು ಕೇಳಿದನು, ಮುಟ್ಟುವ ಮಾತೊಂದನ್ನು ಹೆಚ್ಚಿಗೆ ಸೇರಿಸಿದನು.

ಇದನ್ನೆಲ್ಲ ಬರೆದು ಕಳಿಸಿದೆ. ಹನ್ನೆರಡು ದಿನಗಳ ಮೇಲೆ ಬಂದ ಎರಡು ಸಾಲಿನ ಉತ್ತರದಲ್ಲಿ, ವಚನವನ್ನು ಮತ್ತೆ ಓದಿದೆವು, ತಪ್ಪು ನಮ್ಮದೇ, ಮುಂದಿನ ತಂಡಕ್ಕೆ ತಿದ್ದುತ್ತೇವೆ ಎಂದಿತ್ತು. ನನ್ನ ಅಂಕ ಮಾತ್ರ ಒಂಬತ್ತಕ್ಕೇ ನಿಂತಿದೆ. ಸೇರುವವರು ಮೂರು ಮತ್ತು ನಾಲ್ಕನೆಯ ವಾರಗಳಿಗೆ ಮುಂಚೆ ಯೋಬನ ಗ್ರಂಥವನ್ನು ಪೂರ್ತಿ ಓದಿಕೊಳ್ಳುವುದು ಒಳ್ಳೆಯದು. ಏಳನೆಯ ವಾರಕ್ಕೆ ಕೂರುವಾಗ ಯಾಕೋಬನ ಪತ್ರಿಕೆಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.