ಕ್ಯಾಪ್ಟನ್ ಬ್ಲ್ಯಾಕ್, ಅರ್ಲಿ ಮಾರ್ನಿಂಗ್, ಕ್ಯಾಪ್ಸ್ಟನ್: ಕೋಥ್ರೂಡ್ ಬಾಲ್ಕನಿಯಲ್ಲಿ ಮೂರು ಪೈಪು

ಪುಣೆಯ ಕೋಥ್ರೂಡಿನ ನಮ್ಮ ಬಾಲ್ಕನಿಯಲ್ಲಿ ಮೂರು ಬಗೆಯ ಪೈಪ್ ತಂಬಾಕು ಸೇದಿ ಹೋಲಿಸಿದೆ. ಮೊದಲ ದಿನ ಕ್ಯಾಪ್ಟನ್ ಬ್ಲ್ಯಾಕ್ ಹಚ್ಚಿದಾಗ ಕೆಳಗಿನ ಮನೆಯ ಆಜೋಬಾ, ಅಂದರೆ ಅಜ್ಜ, ತಲೆ ಎತ್ತಿ, "ವಹಿನೀ ಕೇಕ್ ಕರ್ತಾಯತ್ ಕಾ?" (ಅತ್ತಿಗೆ ಕೇಕ್ ಮಾಡ್ತಿದ್ದಾರಾ?) ಎಂದು ಮರಾಠಿಯಲ್ಲಿ ಕೇಳಿದರು. ವಹಿನಿ, ಅಂದರೆ ನನ್ನ ಹೆಂಡತಿ, ಒಳಗೆ ಸೊಪ್ಪಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಎಂಟು ದಿನ ಬಿಟ್ಟು ಅದೇ ಬಾಲ್ಕನಿಯಲ್ಲಿ ಅರ್ಲಿ ಮಾರ್ನಿಂಗ್ ಪೈಪ್ ಅನ್ನುವ ಎರಡನೇ ತಂಬಾಕು ಹಚ್ಚಿದೆ. ಈ ಸಲ ಆಜೋಬಾ ಮೆಟ್ಟಿಲು ಹತ್ತಿ ಬಂದು ಬೆಲ್ ಒತ್ತಿದರು. ವೈರ್ ಏನಾದರೂ ಸುಡುತ್ತಿದೆಯಾ ಅಂತ ವಿಚಾರಿಸಲು. ಮೂರನೆಯದು, ಕ್ಯಾಪ್ಸ್ಟನ್, ಹಚ್ಚಿದ ದಿನ ಮಾತ್ರ ಅವರು ಪೇಪರಿನಿಂದ ತಲೆಯನ್ನೇ ಎತ್ತಲಿಲ್ಲ.

ಹಾಗಾದರೆ ಕ್ಯಾಪ್ಟನ್ ಬ್ಲ್ಯಾಕೇ ಗೆದ್ದಿತು ಅಂದುಕೊಳ್ಳಬೇಡಿ. ಅಕ್ಕಪಕ್ಕದವರ ಮೂಗಿಗೆ ಬರುವ ವಾಸನೆ ಬೇರೆ, ಸೇದುವವನ ನಾಲಿಗೆಗೆ ಸಿಗುವ ರುಚಿ ಬೇರೆ. ಈ ಮೂರರಲ್ಲಂತೂ ಎರಡೂ ತಿರುಗಾಮುರುಗಾ.

ನಾನು ಹುಣಸೂರಿನ ಕಡೆಯವನು. ಪುಣೆಗೆ ಬಂದು ಇಪ್ಪತ್ತು ವರ್ಷವಾಯಿತು. ಮನೆಯಲ್ಲಿ ಬ್ಯಾರನ್ (ತಂಬಾಕಿನ ಎಲೆಯನ್ನು ಬಿಸಿಯಲ್ಲಿ ಹದ ಮಾಡುವ ಕಟ್ಟಡ) ಇತ್ತು, ವರ್ಜೀನಿಯಾ ತಂಬಾಕು ಬೆಳೆಯುತ್ತಿದ್ದೆವು, ನಮ್ಮ ಕಡೆ ಅದಕ್ಕೆ ಸೊಪ್ಪು ಅನ್ನುವುದು. ಚಿಕ್ಕವನಿದ್ದಾಗ ಕಡ್ಡಿಗೆ ಎಲೆ ಕಟ್ಟಿ ಕಟ್ಟಿ ಕೈಗೆ ಕಪ್ಪು ಅಂಟು ಹಿಡಿಯುತ್ತಿತ್ತು. ಎಷ್ಟು ತೊಳೆದರೂ ರಾತ್ರಿ ಮುದ್ದೆ ಮುರಿಯುವಾಗ ಮೊದಲ ತುತ್ತು ಕಹಿ. ಇಷ್ಟು ಬೆಳೆದರೂ ಅಪ್ಪ ಒಂದು ದಿನ ಬೀಡಿ ಸೇದಿದವರಲ್ಲ. ನಾನೂ ಸಿಗರೇಟು ಮುಟ್ಟಿರಲಿಲ್ಲ. ನಲವತ್ತೈದಕ್ಕೆ ಪೈಪು ಹಿಡಿದೆ. ಹೊಗೆ ಒಳಗೆ ಎಳೆಯುವುದಿಲ್ಲ, ಬಾಯಲ್ಲಿ ಆಡಿಸಿ ಬಿಡುತ್ತೇನೆ. ಹಾಗಂತ ಬಾಯಿ, ಗಂಟಲಿಗೆ ಒಳ್ಳೆಯದೇನಲ್ಲ ಅನ್ನುವುದು ನನಗೂ ಗೊತ್ತು, ಹೆಂಡತಿಗೆ ಇನ್ನೂ ಚೆನ್ನಾಗಿ ಗೊತ್ತು. ದಿನಕ್ಕೆ ಒಂದೇ, ಅದೂ ಬಾಲ್ಕನಿಯಲ್ಲಿ ಮಾತ್ರ ಅನ್ನುವುದು ಅವಳ ಕಾನೂನು.

ಹೋಲಿಕೆಗೆ ಮೂರು ಪೈಪು ಇಟ್ಟುಕೊಂಡೆ. ಮೂರೂ ಮುಸುಕಿನ ಜೋಳದ ದಿಂಡಿನವು, ಅಮೆರಿಕದ ಮಿಸೂರಿಯಲ್ಲಿ 1869ರಿಂದ ಮಾಡುತ್ತಿರುವಂಥವು. ಬ್ರೈಯರ್ ಮರದ್ದು ನೋಡಲು ಚೆಂದ, ಆದರೆ ಒಮ್ಮೆ ಒಂದು ಸೊಪ್ಪಿನ ವಾಸನೆ ಹಿಡಿದರೆ ಬಿಡುವುದಿಲ್ಲ. ಮೀನು ಬೇಯಿಸಿದ ಪಾತ್ರೆಯಲ್ಲಿ ಹಾಲು ಕಾಯಿಸಿದ ಹಾಗೆ. ದಿಂಡಿನ ಪೈಪು ಅಗ್ಗ, ಆದ್ದರಿಂದ ತಲೆಗೊಂದು. ಕೆಂಪು ದಾರ ಕಟ್ಟಿದ್ದು ಕ್ಯಾಪ್ಟನ್, ಬಿಳಿ ಅರ್ಲಿ ಮಾರ್ನಿಂಗ್, ಹಸಿರು ಕ್ಯಾಪ್ಸ್ಟನ್. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಸಂಜೆ ಏಳಕ್ಕೆ, ಸಕ್ಕರೆಯಿಲ್ಲದ ಒಂದು ಲೋಟ ಟೀ ಆದ ಮೇಲೆ. ಒಂದೊಂದರದ್ದೂ ಹದಿನೈದು ಬೌಲು, ಅಂದರೆ ಪೈಪಿನ ತಲೆ ತುಂಬ ಹದಿನೈದು ಸಲ. ಒಂದು ಬೌಲಿಗೆ ಎಷ್ಟು ಬೆಂಕಿಕಡ್ಡಿ ಖರ್ಚಾಯಿತು ಎಂದು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಿದ್ದೆ. ಪೈಪು ಸೇದುವವರಿಗೆ ಗೊತ್ತು, ಸೊಪ್ಪಿನ ಗುಣ ಕಡ್ಡಿ ಲೆಕ್ಕದಲ್ಲೇ ಅರ್ಧ ತಿಳಿಯುತ್ತದೆ.

ಕ್ಯಾಪ್ಟನ್ ಬ್ಲ್ಯಾಕ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಪೌಚು ತೆರೆದರೆ ವೆನಿಲ್ಲಾ ಗಮ್ಮೆನ್ನುತ್ತದೆ. ಬೇಕರಿಯಲ್ಲಿ ಬೆಳಗ್ಗೆ ಮೊದಲ ಟ್ರೇ ಹೊರಗೆ ತೆಗೆದಾಗ ಬರುತ್ತಲ್ಲ, ಹಾಗೆ. ಬೆರಳಿಗೆ ಸೊಪ್ಪು ತೇವವಾಗಿ, ಸ್ವಲ್ಪ ಜಿಗುಟಾಗಿ ಸಿಗುತ್ತದೆ. ಪರಿಮಳ ಹಾಕಿದ ಇಂಥ ಸೊಪ್ಪು ಒಣಗದಿರಲಿ ಅಂತ ಪ್ರೊಪೈಲೀನ್ ಗ್ಲೈಕಾಲ್ ಬೆರೆಸುವುದುಂಟು, ಅದು ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಪುಣೆಯ ಏಪ್ರಿಲ್ ಬಿಸಿಲಿನಲ್ಲಿ ಒಂದಿಡೀ ಮಧ್ಯಾಹ್ನ ಪೇಪರ್ ಮೇಲೆ ಹರಡಿದರೂ ಸಂಜೆಗೆ ಹಾಗೇ ಇತ್ತು. ಹಚ್ಚಿದ ಮೇಲೆ ಮೊದಲ ಐದು ನಿಮಿಷ ಸಿಹಿ. ಆಮೇಲೆ ಬಾಯಲ್ಲಿ ಉಳಿಯುವುದು ಬಿಸಿ ಆವಿ, ಸಕ್ಕರೆ ನೀರು ಕುದಿಸಿ ಮುಖ ಒಡ್ಡಿದ ಹಾಗೆ. ಅರ್ಧ ಬೌಲು ಆಗುವಷ್ಟರಲ್ಲಿ ಪೈಪು ಗುಳುಗುಳು ಅನ್ನುತ್ತದೆ, ಕ್ಲೀನರ್ ತೂರಿಸಿ ನೀರು ತೆಗೆಯಬೇಕು. ಆರಿಂದ ಏಳು ಕಡ್ಡಿ, ಇಪ್ಪತ್ತೈದು ನಿಮಿಷ, ತಳದಲ್ಲಿ ಒದ್ದೆ ಮುದ್ದೆ. ಕೆಟ್ಟದ್ದು ಎನ್ನಲಾರೆ. ಮನೆಯವರು ಮುಖ ಸಿಂಡರಿಸದ ಒಂದೇ ಸೊಪ್ಪು ಇದು. ಆದರೆ ಮಜಾ ಎಲ್ಲಾ ಅವರಿಗೆ, ಸೇದುವ ಕೂಲಿ ಮಾತ್ರ ನನಗೆ.

ಅರ್ಲಿ ಮಾರ್ನಿಂಗ್ ಪೈಪಿನದ್ದು ಬೇರೆಯೇ ಕಥೆ. ಮೊದಲು ಇದು ಲಂಡನ್ನಿನ ಡನ್‌ಹಿಲ್ ಹೆಸರಿನಲ್ಲಿ ಬರುತ್ತಿತ್ತು. 2018ರಲ್ಲಿ ಆ ಹೆಸರಿನ ಪೈಪ್ ತಂಬಾಕು ನಿಂತಿತು. ಈಗ ಡಬ್ಬಿಯ ಮೇಲೆ ಡಬ್ಲಿನ್ನಿನ ಪೀಟರ್ಸನ್ ಹೆಸರಿದೆ. ನನ್ನದು ಆಫೀಸಿನ ಗೆಳೆಯರೊಬ್ಬರು ಕೆಲಸಕ್ಕೆಂದು ಜರ್ಮನಿಗೆ ಹೋದಾಗ ತಂದುಕೊಟ್ಟದ್ದು, 50 ಗ್ರಾಂ. ಒಳಗಿರುವುದು ವರ್ಜೀನಿಯಾ, ಟರ್ಕಿ, ಗ್ರೀಸ್ ಕಡೆಯ ಸ್ವಲ್ಪ ಹುಳಿ ಗುಣದ ಓರಿಯಂಟಲ್ ಎಲೆ, ಜೊತೆಗೆ ಲಟಾಕಿಯಾ. ಲಟಾಕಿಯಾ ಅನ್ನುವುದು ಸಿರಿಯಾದ ಒಂದು ಬಂದರು ಊರು. ಹೆಸರು ಅಲ್ಲಿಂದ ಬಂತು, ಈಗ ಆ ಎಲೆ ಬರುವುದು ಹೆಚ್ಚಾಗಿ ಸೈಪ್ರಸ್‌ನಿಂದ. ಅದರ ಗುಟ್ಟು ಇಷ್ಟೇ: ಒಣಗಿದ ಎಲೆಯನ್ನು ತೂಗುಹಾಕಿ, ಕೆಳಗೆ ಪೈನ್, ಮರ್ಟಲ್ ಮುಂತಾದ ಕಟ್ಟಿಗೆ ಉರಿಸಿ ವಾರಗಟ್ಟಲೆ ಹೊಗೆ ಕುಡಿಸುತ್ತಾರೆ. ಎಲೆ ಕಪ್ಪಗಾಗುತ್ತದೆ.

ಇದನ್ನು ಓದಿದ ದಿನ ನನಗೆ ನಗು ತಡೆಯಲಿಲ್ಲ. ನಮ್ಮ ಬ್ಯಾರನ್ನಿನಲ್ಲಿ ಒಲೆ ಹೊರಗೆ, ಒಳಗೆ ತಗಡಿನ ಪೈಪು. ಬಿಸಿ ಎಲೆಗೆ ತಾಗಬೇಕು, ಹೊಗೆ ತಾಗಬಾರದು. ಒಂದು ಸಲ ನಡುರಾತ್ರಿ ಆ ಪೈಪಿನ ಜೋಡಣೆ ಬಿಟ್ಟುಕೊಂಡು ಒಳಗೆಲ್ಲ ಹೊಗೆ ತುಂಬಿತು. ಅಪ್ಪ ಬೆಳಗಿನವರೆಗೂ ಮಾತಾಡಲಿಲ್ಲ. ಆ ಬೇಲು ಕಟ್ಟೆಮಳಲವಾಡಿ ಹರಾಜು ಮಾರುಕಟ್ಟೆಯಲ್ಲಿ ಹೋದ ರೇಟು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ನಾವು ಯಾವುದನ್ನು ಹಾಳಾಯಿತು ಅಂತ ಹಣೆ ಚಚ್ಚಿಕೊಂಡೆವೋ, ಅದನ್ನೇ ಬೇಕಂತಲೇ ಮಾಡಿ ಜಗತ್ತಿಗೆಲ್ಲ ಮಾರುತ್ತಾರಲ್ಲ!

ರುಚಿ? ಹೊಗೆ ಹಿಡಿದ ಹಾಲು ಕುಡಿದಿದ್ದೀರಾ, ಸೌದೆ ಒಲೆಯದ್ದು? ಮೊದಲ ದಮ್ಮು ಅದೇ. ಎರಡು ದಿನ ಬೇಜಾರಾಯಿತು. ಮೂರನೇ ದಿನದಿಂದ ಆ ಹೊಗೆಯ ಹಿಂದೆ ಬೇರೇನೋ ಸಿಗತೊಡಗಿತು. ಕೆಂಡದ ಮೇಲೆ ಸುಟ್ಟ ಹಪ್ಪಳದ ಅಂಚು, ಹೊಸ ಚಪ್ಪಲಿಯ ಚರ್ಮ, ನಾಲಿಗೆಯ ಬದಿಗೆ ಚೂರು ಹುಣಸೆಹುಳಿ. ಡಬ್ಬಿ ಮೂಸಿ ಹೆದರಿದಷ್ಟು ಖಾರವಿಲ್ಲ. ತಂಬಾಕಿನ ಏಟು ಮೂರರಲ್ಲೂ ಅಂಥದ್ದೇನಲ್ಲ, ಇದರಲ್ಲಿ ತಲೆ ತಿರುಗಿದ್ದೂ ಇಲ್ಲ. ಎಳೆ ಎಳೆಯಾಗಿ ಕತ್ತರಿಸಿರುವುದರಿಂದ ತುಂಬುವುದು ಸುಲಭ, ಎರಡು ಮೂರು ಕಡ್ಡಿಗೆ ಹತ್ತಿಕೊಂಡು ತಳದವರೆಗೆ ಬೂದಿಯಾಗುತ್ತದೆ. ಮೂವತ್ತೈದು ನಿಮಿಷ. ನಾಲಿಗೆಗೆ ಒಂದು ದಿನವೂ ಕಚ್ಚಲಿಲ್ಲ. ಸೇದುವ ಸುಖ ಮಾತ್ರ ನೋಡಿದರೆ ಹೊಸಬರಿಗೆ ನಾನು ಕೊಡುವುದು ಇದನ್ನೇ, ಕ್ಯಾಪ್ಟನ್ ಬ್ಲ್ಯಾಕನ್ನಲ್ಲ. ಆದರೆ ಮರುದಿನ ಬೆಳಗ್ಗೆ ಬಾಲ್ಕನಿಯಲ್ಲಿ ಒಣಗಿಸಿದ ಟವೆಲಿನಲ್ಲೂ ಆ ವಾಸನೆ ಇರುತ್ತದೆ. ಸಂಸಾರಸ್ಥರು ಯೋಚನೆ ಮಾಡಿ ಹಚ್ಚುವುದು ಒಳ್ಳೆಯದು.

ಈಗ ಕ್ಯಾಪ್ಸ್ಟನ್. ಈ ಹೆಸರು ಕೇಳಿದರೆ ನಮ್ಮವರಿಗೆ ಸಿಗರೇಟು ನೆನಪಾಗುತ್ತದೆ. ನಾನು ಹೇಳುತ್ತಿರುವುದು ಪೈಪಿನ ಕ್ಯಾಪ್ಸ್ಟನ್ ನೇವಿ ಕಟ್, ನೀಲಿ ಡಬ್ಬಿ. ಬಂಗಾರದ ಬಣ್ಣದ ಡಬ್ಬಿಯೂ ಇದೆ, ಅದು ಇನ್ನೂ ತಿಳಿ. ಮೂಲ ಬ್ರಿಸ್ಟಲ್‌ನ ವಿಲ್ಸ್ ಕಂಪನಿಯದ್ದು, ಆಮೇಲೆ ಡೆನ್ಮಾರ್ಕಿನ ಮ್ಯಾಕ್ ಬ್ಯಾರನ್ ಕೈಗೆ ಬಂತು. ನಮ್ಮೂರ ಬ್ಯಾರನ್ನಿಗೂ ಈ ಬ್ಯಾರನ್ನಿಗೂ ಏನೂ ಸಂಬಂಧವಿಲ್ಲ, ಆದರೂ ಡಬ್ಬಿಯ ಮೇಲೆ ಅದನ್ನು ಕಂಡಾಗ ಸುಮ್ನೆ ಖುಷಿಯಾಯಿತು.

ಮೊದಲ ಡಬ್ಬಿಯ ಪಾಡು ಹೇಳಲೇಬೇಕು. ಪುಣೆಯ ಕ್ಯಾಂಪ್ ಬಡಾವಣೆಯ ಒಂದು ಅಂಗಡಿಯಲ್ಲಿ ಕೊಂಡೆ. ಮನೆಗೆ ಬಂದು ತೆರೆದರೆ ಎಲೆ ಹಪ್ಪಳದ ಹಾಗೆ ಪುಡಿಪುಡಿ. ಸೀಲು ಯಾವ ಕಾಲದಲ್ಲಿ ಬಿಟ್ಟುಕೊಂಡಿತ್ತೋ. ವಾಪಸ್ ಕೇಳಿದರೆ "ತೆರೆದ ಡಬ್ಬಿ ತಗೊಳ್ಳಲ್ಲ" ಅಂದರು. ತೆರೆಯದೆ ಗೊತ್ತಾಗುವುದು ಹೇಗೆ, ಅಲ್ವಾ? ಜುಲೈ ತಿಂಗಳು. ಒಂದು ಹೋಳು ಸೇಬು ಇಟ್ಟರೆ ಹದಕ್ಕೆ ಬರುತ್ತದೆ ಅಂತ ಯಾರೋ ಅಂದದ್ದು ಕೇಳಿ ಬಾಟಲಿಯಲ್ಲಿಟ್ಟು ಮರೆತೆ. ಐದನೇ ದಿನ ಬಿಳಿ ಬೂಸಲು. ಹದದ ಮನೆಯಲ್ಲಿ ಹುಟ್ಟಿದವನು ನಾನು, ನಾಚಿಕೆಯಾಗಿ ಅಪ್ಪನಿಗೆ ಹೇಳಲೇ ಇಲ್ಲ. ಎರಡನೇ ಡಬ್ಬಿ ಜರ್ಮನಿಯ ಗೆಳೆಯರ ಕೃಪೆ.

ಒಳಗೆ ಕಾಗದದ ಮಡಿಕೆಯಲ್ಲಿ ಕಂದು ಬಣ್ಣದ ತೆಳು ಪಟ್ಟಿಗಳು. ಎಲೆಯನ್ನು ಅದುಮಿ ಗಟ್ಟಿ ಮಾಡಿ, ಆಮೇಲೆ ಹೋಳು ಕತ್ತರಿಸುತ್ತಾರೆ. ಇದಕ್ಕೆ ಫ್ಲೇಕ್ ಎನ್ನುತ್ತಾರೆ. ಮಡಿಚಿ ಹಾಗೇ ತುರುಕಬಹುದು, ಇಲ್ಲವೇ ಅಂಗೈಯಲ್ಲಿ ತಿಕ್ಕಿ ಬಿಡಿಸಬಹುದು. ನಾನು ಪೂರ್ತಿ ತಿಕ್ಕುತ್ತೇನೆ. ತಿಕ್ಕುವಾಗ ಅಂಗೈಯಿಂದ ಬರುವ ವಾಸನೆಯೇ ಅರ್ಧ ದುಡ್ಡಿಗೆ ಸಮ: ಒಣದ್ರಾಕ್ಷಿ, ಬಿಸಿಲಿಗೆ ಕಾದ ಹುಲ್ಲಿನ ಮೆದೆ.

ಮೊದಲ ವಾರ ಮಾತ್ರ ಈ ಸೊಪ್ಪು ನನ್ನನ್ನು ಸೋಲಿಸಿತು. ಸುಣ್ಣ ಜಾಸ್ತಿಯಾದ ಎಲೆಯಡಿಕೆ ಹಾಕಿಕೊಂಡ ಹಾಗೆ ನಾಲಿಗೆ ಉರಿಯಿತು. ತಪ್ಪು ಸೊಪ್ಪಿನದ್ದಲ್ಲ, ನನ್ನ ಆತುರದ್ದು. ಇದೂ ನಮ್ಮೂರಿನದರ ಹಾಗೆ ವರ್ಜೀನಿಯಾ ಸೊಪ್ಪೇ. ಬ್ಯಾರನ್ನಿನಲ್ಲಿ ಮೊದಲು 35ರಿಂದ 38 ಡಿಗ್ರಿಯಲ್ಲಿ ಎಲೆ ಹಳದಿಯಾಗಲು ಬಿಡುತ್ತಾರೆ. ಆಗ ಎಲೆಯ ಪಿಷ್ಟ ಸಕ್ಕರೆಯಾಗುತ್ತದೆ. ಕೊನೆಗೆ ದಂಟು ಒಣಗಲು 70ರ ಹತ್ತಿರಕ್ಕೆ ಏರಿಸುತ್ತಾರೆ. ಹೀಗೆ ಎಲೆಯಲ್ಲೇ ಕೂತ ಸಕ್ಕರೆ ಜೋರಾಗಿ ಎಳೆದರೆ ಸುಡುತ್ತದೆ, ಮೆಲ್ಲಗೆ ಎಳೆದರೆ ಸಿಹಿಯಾಗುತ್ತದೆ. ಬಿಸಿ ಕಾಫಿಯನ್ನು ಹೀರುವಷ್ಟು ನಿಧಾನ ಸಾಕಾಗುವುದಿಲ್ಲ. ಪೈಪು ಆರಿತೇನೋ ಅನ್ನುವಷ್ಟು ನಿಧಾನ ಬೇಕು. ಆ ಲಯ ಕೈಗೆ ಬಂದ ಮೇಲೆ ಐದು ಕಡ್ಡಿ ಹೋಗಿ ಮೂರಾಯಿತು, ಬೌಲು ಐವತ್ತು ನಿಮಿಷ ಬಂತು. ಮೊದಲು ಹುಲ್ಲು, ನಡುವೆ ಬ್ರೆಡ್ಡಿನ ಕಂದು ಅಂಚು, ಕೊನೆಯ ಕಾಲುಭಾಗದಲ್ಲಿ ಬೆಲ್ಲದ ಪಾಕ ತಳ ಹಿಡಿಯುವ ಮುಂಚಿನ ವಾಸನೆ. ಆ ಕೊನೆಯ ಹತ್ತು ನಿಮಿಷ ಕ್ಯಾಪ್ಟನ್ ಬ್ಲ್ಯಾಕಿನ ಇಡೀ ಪೌಚಿನಲ್ಲಿ ಎಲ್ಲೂ ಇಲ್ಲ.

ನಿಪ್ಪಾಣಿಯ ಗೆಳೆಯನಿಗೆ ಮೂರನ್ನೂ ಕೊಟ್ಟೆ. ಅವನ ಊರು ಬೀಡಿ ತಂಬಾಕಿನದ್ದು, ಬಿಸಿಲಿಗೆ ಒಣಗಿಸಿದ ಕಡುಸೊಪ್ಪು. ಮೂರನ್ನೂ ಎಳೆದು, "ಏನ್ರೀ ಗೌಡ್ರ, ಇದರಾಗ ಖಡಕ್ ಎಲ್ಲೈತಿ? ಹಾಲ್ ಕುಡದಂಗ ಆತು" ಅಂದ. ಅವನ ಲೆಕ್ಕದಲ್ಲಿ ಮೂರೂ ಫೇಲು. ಅರ್ಲಿ ಮಾರ್ನಿಂಗ್ ಮಾತ್ರ "ನಡೀತದ" ಅಂತೆ.

ದಸರಾಕ್ಕೆ ಬಂದಿದ್ದ ಅಪ್ಪನಿಗೆ ಡಬ್ಬಿ ಮೂಸಲು ಕೊಟ್ಟೆ. ಕ್ಯಾಪ್ಟನ್ನಿಗೆ "ಇದು ಮಿಠಾಯಿ ಕಣೋ" ಅಂದರು. ಅರ್ಲಿ ಮಾರ್ನಿಂಗಿಗೆ ಮೂಗು ಹಿಂದಕ್ಕೆ ಎಳೆದುಕೊಂಡು, "ಯಾರದೋ ಪೈಪು ಬಿಟ್ಕೊಂಡ ಬ್ಯಾರನ್ನಿಂದು, ನಿಂಗೆ ಕಟ್ಟಿದ್ದಾರೆ" ಅಂದರು. ಕ್ಯಾಪ್ಸ್ಟನ್ನಿನ ಒಂದು ಪಟ್ಟಿಯನ್ನು ಮಾತ್ರ ಬೆರಳಿನಲ್ಲಿ ಹಿಡಿದು, ಹರಾಜಿನಲ್ಲಿ ಹಿಡಿಯುವ ಹಾಗೆ ಹಿಂಡಿ, ಬೆಳಕಿಗೆ ಎತ್ತಿ ನೋಡಿದರು. "ಹದ ಸರಿಯಾಗಿದೆ. ಕೆಜಿಗೆ ಎಷ್ಟು ಕೊಟ್ಟೆ?" ನಾನು 50 ಗ್ರಾಮಿನ ರೇಟು ಹೇಳಿದೆ. ಅವರು ಮನಸ್ಸಿನಲ್ಲೇ ಇಪ್ಪತ್ತರಿಂದ ಗುಣಿಸಿ, ಡಬ್ಬಿ ಮುಚ್ಚಿ ಮೇಜಿನ ಮೇಲಿಟ್ಟು, ಟಿವಿ ಹಾಕಿದರು.

ಇದೆಲ್ಲ ಪುಣೆಯ ಒಣ ಹವೆಯ ಮಾತು. ಮುಂದಿನ ಜುಲೈನಲ್ಲಿ ಮುಲುಂಡಿನ ಭಾಮೈದನ ಮನೆಗೆ ನಾಲ್ಕು ದಿನಕ್ಕೆ ಹೋದಾಗ ಮೂರನ್ನೂ ಒಯ್ದಿದ್ದೆ. ಮುಂಬೈ ಮಳೆ ಲೆಕ್ಕವನ್ನೆಲ್ಲ ಕಲಸಿಬಿಟ್ಟಿತು. ಕ್ಯಾಪ್ಸ್ಟನ್ ತಿಕ್ಕಿ ಫ್ಯಾನಿನ ಕೆಳಗೆ ಇಟ್ಟರೆ ಒಣಗುವುದಿರಲಿ, ಇನ್ನೂ ಮೆತ್ತಗಾಯಿತು. ಒಂದು ಬೌಲಿಗೆ ಹನ್ನೊಂದು ಕಡ್ಡಿ. ಕೊನೆಗೆ ಹಳೆಯ ಟೇಬಲ್ ಲ್ಯಾಂಪಿನ ಬಲ್ಬಿನ ಕೆಳಗೆ ಇಪ್ಪತ್ತು ನಿಮಿಷ ಇಟ್ಟು ದಾರಿಗೆ ತಂದೆ. ಲಟಾಕಿಯಾದ ಹೊಗೆ ಆ ತೇವದಲ್ಲಿ ಮೇಲೇಳದೆ ಪರದೆಗೇ ಅಂಟಿಕೊಂಡಿತು. ಭಾಮೈದನ ಹೆಂಡತಿ ಏನೂ ಅನ್ನಲಿಲ್ಲ, ಮರುದಿನ ಪರದೆ ತೊಳೆಯಲು ಹಾಕಿದರು. ಕ್ಯಾಪ್ಟನ್ ಬ್ಲ್ಯಾಕಿಗೆ ಮಾತ್ರ ಮುಂಬೈಯೂ ಒಂದೇ, ಪುಣೆಯೂ ಒಂದೇ. ಅಲ್ಲಿ ಇದ್ದಷ್ಟೇ ಒದ್ದೆ, ಅಷ್ಟೇ ಗುಳುಗುಳು.

ಈಗ ಕೆಂಪು ದಾರದ ಪೈಪು ನೆಂಟರು ಬಂದ ದಿನಕ್ಕೆ. ಬಿಳಿ ದಾರದ್ದು ಹೆಂಡತಿ ಊರಿಗೆ ಹೋದಾಗ. ಹಸಿರು ದಾರದ್ದರ ತಳ ಸುಟ್ಟು ತೆಳ್ಳಗಾಗಿದೆ, ಇನ್ನೊಂದು ತರಿಸಬೇಕು. ಕ್ಯಾಪ್ಸ್ಟನ್ ಡಬ್ಬಿಯಲ್ಲಿ ಉಳಿದಿರುವುದು ನಾಲ್ಕು ಪಟ್ಟಿ. ಜರ್ಮನಿಯ ಗೆಳೆಯರ ಮುಂದಿನ ಪ್ರವಾಸ ಯಾವಾಗ ಅಂತ ನಿನ್ನೆ ಕ್ಯಾಂಟೀನಿನಲ್ಲಿ ಮೆಲ್ಲಗೆ ಕೇಳಿ ಬಂದಿದ್ದೇನೆ.