ದಾಳಿಂಬೆ ಇಡೋಕೆ ಯಾವುದು ವಾಸಿ: ಬರೀ ಕ್ರೇಟ್, ಮುಚ್ಚಿದ ಕವರ್, ಮೇಣ, ತೂತಿನ ಕವರ್?

ಕೋಲ್ಡ್ ಸ್ಟೋರೇಜಿಗೆ ಹಾಕಿಬಿಟ್ಟರೆ ಸಾಕು, ಹಣ್ಣು ಹಾಗೇ ಇರುತ್ತದೆ ಅಂತ ನಂಬಿದ್ದೆ. ಮೊದಲ ಸಲ ಬರೀ ಕ್ರೇಟಿನಲ್ಲಿ ಇಟ್ಟು ಎರಡು ತಿಂಗಳಾದ ಮೇಲೆ ತೆಗೆದರೆ, ಸಿಪ್ಪೆ ಒಣಗಿ ಚಕ್ಕಳದ ಹಾಗಾಗಿತ್ತು. ಒಡೆದು ನೋಡಿದರೆ ಕಾಳು ಚೆನ್ನಾಗಿಯೇ ಇತ್ತು! ಆದರೆ ಆ ಸಿಪ್ಪೆ ನೋಡಿ ಯಾರು ಕೊಳ್ಳುತ್ತಾರೆ?

ಮುಂದಿನ ಬೆಳೆಯಲ್ಲಿ ಒಂದೇ ದಿನ ಕೊಯ್ದ ಹಣ್ಣನ್ನು ನಾಲ್ಕು ಪಾಲು ಮಾಡಿ, ಒಂದೇ ಕೋಣೆಯಲ್ಲಿ 7 ಡಿಗ್ರಿಯಲ್ಲಿ ಇಟ್ಟೆ.

ಬರೀ ಕ್ರೇಟಿನದು ಮತ್ತೆ ಅದೇ ಕಥೆ. ಫ್ಯಾನಿಗೆ ಹತ್ತಿರ ಇದ್ದವು ಮೊದಲು ಸುಕ್ಕಾದವು.

ಪೂರ್ತಿ ಮುಚ್ಚಿದ ಕವರಿನಲ್ಲಿ ತೂಕ ಇಳಿಯಲೇ ಇಲ್ಲ ಅನ್ನಬಹುದು. ಆದರೆ ಒಳಗೆಲ್ಲ ನೀರಹನಿ. ಹಣ್ಣಿನ ಕಿರೀಟದೊಳಗೆ ಒಣಗಿದ ಕೇಸರ ಇರುತ್ತದಲ್ವಾ, ಬೂದು ಬಣ್ಣದ ಬೂಷ್ಟು ಅಲ್ಲಿಂದಲೇ ಶುರುವಾಗಿ ಕೆಳಗಿನ ಸಿಪ್ಪೆ ಮೆತ್ತಗಾಗಿತ್ತು. ಗಾಳಿಯಾಡದೆ ಹುಳಿ ವಾಸನೆ ಬೇರೆ.

ಮೇಣ ಹಚ್ಚಿದ್ದು ನೋಡಲು ಎಲ್ಲಕ್ಕಿಂತ ಚಂದ. ಬರೀ ಕ್ರೇಟಿಗಿಂತ ಕಡಿಮೆ ಒಣಗಿತು, ನಿಜ. ಆದರೆ ಕೈಯಲ್ಲಿ ಹಚ್ಚಿದರೆ ಎಲ್ಲ ಕಡೆ ಒಂದೇ ಸಮ ಬರಲ್ಲ, ಬಿಟ್ಟುಹೋದ ಜಾಗ ಒಣಗುತ್ತದೆ.

ನನಗೆ ಒಪ್ಪಿಗೆಯಾಗಿದ್ದು ಕ್ರೇಟಿನೊಳಗೆ ಹಾಸಿ ಮೇಲೆ ಮಡಚುವ ತೂತಿನ ಕವರ್. ತೇವವೂ ಉಳಿಯಿತು, ಗಾಳಿಯೂ ಆಡಿತು. ಆದರೆ ಇದರಲ್ಲೂ ನಾನು ಒಂದು ತಪ್ಪು ಮಾಡಿದೆ. ಎರಡು ಕ್ರೇಟನ್ನು ಮಧ್ಯಾಹ್ನ ಕೊಯ್ದ ಕೂಡಲೇ, ಹಣ್ಣು ಇನ್ನೂ ಬೆಚ್ಚಗಿರುವಾಗಲೇ ಕವರು ಮಡಚಿ ಒಳಗಿಟ್ಟೆ. ಉಳಿದವನ್ನು ಕವರು ತೆರೆದೇ ರಾತ್ರಿಯಿಡೀ ಕೋಣೆಯಲ್ಲಿ ತಣ್ಣಗಾಗಲು ಬಿಟ್ಟು ಬೆಳಿಗ್ಗೆ ಮಡಚಿದೆ. ಬೆಚ್ಚಗಿದ್ದ ಹಣ್ಣಿನಿಂದ ಎದ್ದ ಆವಿ ತಣ್ಣನೆ ಕವರಿಗೆ ತಾಗಿ ಹನಿಯಾಯಿತು, ಆ ಎರಡರಲ್ಲಿ ಮಾತ್ರ ಬೂಷ್ಟು ಬಂತು. ಕವರು ಒಂದೇ, ಕೋಣೆ ಒಂದೇ, ಒಂದು ರಾತ್ರಿ ಕಾಯದೆ ಇದ್ದದ್ದಕ್ಕೆ ಇಷ್ಟು ವ್ಯತ್ಯಾಸ.

ಎಥಿಲೀನ್ ಅಂದರೆ ಹಣ್ಣನ್ನು ಮಾಗಿಸುವ ಅನಿಲ, ಅದನ್ನು ಹೀರುವ ಪೊಟ್ಟಣವನ್ನೂ ಒಂದು ಕ್ರೇಟಿಗೆ ಹಾಕಿ ನೋಡಿದ್ದೆ. ಏನೂ ಫರಕು ಕಾಣಲಿಲ್ಲ. ದಾಳಿಂಬೆ ಕೊಯ್ದ ಮೇಲೆ ಮಾಗುವ ಹಣ್ಣಲ್ಲ, ಹಾಗಾಗಿ ಇದಕ್ಕೆ ಸುಮ್ನೆ ಖರ್ಚು. ಸೇಬು, ಕಿವಿಯಂಥ ಹಣ್ಣಿಗಾದರೆ ಉಪಯೋಗವಿದೆ.

ಇನ್ನು, ಜಾಸ್ತಿ ತಣ್ಣಗಿಟ್ಟರೆ ಜಾಸ್ತಿ ದಿನ ಬರುತ್ತದೆ ಅಂತ ದಯವಿಟ್ಟು 5 ಡಿಗ್ರಿಗಿಂತ ಕೆಳಗೆ ತಿಂಗಳುಗಟ್ಟಲೆ ಇಡಬೇಡಿ. ನಾನು 2 ಡಿಗ್ರಿಯಲ್ಲಿ ಇಟ್ಟ ಒಂದು ಕ್ರೇಟ್ ತೆಗೆದ ದಿನ ಹೊಳೆಯುತ್ತಿತ್ತು, ಹೊರಗಿಟ್ಟ ಮೂರನೇ ದಿನಕ್ಕೆ ಸಿಪ್ಪೆಯಲ್ಲಿ ಕಂದು ಗುಳಿ ಬಿದ್ದವು. ಒಡೆದರೆ ಕಾಳುಗಳ ನಡುವಿನ ಬಿಳಿ ಪೊರೆಯೂ ಕಂದಾಗಿತ್ತು.

ಈ ಸಲ ತೂತಿನ ಕವರಿನಲ್ಲೇ ಎರಡು ಪಾಲು ಇಟ್ಟಿದ್ದೇನೆ. ಒಂದಕ್ಕೆ ಒಣ ಬ್ರಷ್ಷಿನಿಂದ ಕಿರೀಟದ ಕೇಸರ ಉದುರಿಸಿದ್ದೇನೆ, ಇನ್ನೊಂದು ಹಾಗೇ ಇದೆ. ತೆಗೆಯಲು ಇನ್ನೂ ಮೂರು ವಾರ ಬಾಕಿ.